ವಿದೇಶದಲ್ಲೊಂದು ಸೆಮಿಸ್ಟರ್: ಮೊದಲು ಎಚ್‌ಓಡಿ ಸಹಿ, ಆಮೇಲೆ ವಿಮಾನ

ಎಕ್ಸ್‌ಚೇಂಜ್‌ಗೆ ಹೋಗಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೇಳೋದು "ಯಾವ ದೇಶ ಒಳ್ಳೆಯದು?" ಅಂತ. ದೇಶ ಆಮೇಲೆ ನೋಡೋಣ. ಮೊದಲು ನಿಮ್ಮ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ, ಯಾವ ಯೂನಿವರ್ಸಿಟಿಗಳ ಜೊತೆ ಒಪ್ಪಂದ ಇದೆ, ಅದು ಇನ್ನೂ ಚಾಲ್ತಿಯಲ್ಲಿದೆಯಾ, ನಿಮ್ಮ ಬ್ರಾಂಚಿಗೆ ಅನ್ವಯಿಸುತ್ತದಾ ಅಂತ ಕೇಳಿ. ಎಕ್ಸ್‌ಚೇಂಜ್ ನಿಂತಿರೋದೇ ಆ ಒಪ್ಪಂದದ ಮೇಲೆ. ಸಾಮಾನ್ಯವಾಗಿ ನೀವು ಇಲ್ಲಿನ ಫೀಸ್ ಇಲ್ಲೇ ಕಟ್ಟುತ್ತೀರಿ, ಅಲ್ಲಿ ಟ್ಯೂಷನ್ ಫೀಸ್ ಕೇಳುವುದಿಲ್ಲ. ಒಪ್ಪಂದ ಇಲ್ಲದ ಕಡೆ ನೀವಾಗಿ ಅರ್ಜಿ ಹಾಕಿಕೊಂಡು ಹೋದರೆ ಆ ಫೀಸ್ ನಿಮ್ಮ ತಲೆ ಮೇಲೇ ಬರಬಹುದು. ಇನ್ನೊಂದು ಮಾತು: ನಿಮ್ಮ ಹೆಸರನ್ನು ಅಲ್ಲಿಗೆ ನಾಮಿನೇಟ್ ಮಾಡೋದು ಕಾಲೇಜೇ ಆದ್ದರಿಂದ ಇದಕ್ಕೆ ಕನ್ಸಲ್ಟೆನ್ಸಿ ಬೇಕಾಗಿಲ್ಲ. ಸುಮ್ನೆ ದುಡ್ಡು ದಂಡ.

ಯಾವ ಸೆಮ್‌ನಲ್ಲಿ ಹೋಗಬೇಕು ಅನ್ನೋದು ನಿಜವಾದ ತಲೆನೋವು. ಇಂಜಿನಿಯರಿಂಗ್‌ನವರು ಏಳನೇ ಸೆಮ್ ಅಂತ ಯೋಚನೆ ಮಾಡಬೇಡಿ. ಬೆಂಗಳೂರಿನ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಜೋರಾಗಿ ನಡೆಯೋದು ಆಗಲೇ, ಅಲ್ವಾ? ಐದು ಅಥವಾ ಆರನೇ ಸೆಮ್ ಸರಿ. ಅಷ್ಟರಲ್ಲಿ ಬ್ಯಾಕ್‌ಲಾಗ್ ಇರಬಾರದು, ಇದ್ದರೆ ಕಾಲೇಜೇ ಹೆಸರು ಕಳಿಸೋದು ಕಷ್ಟ. ಇನ್ನು ಕ್ಯಾಲೆಂಡರ್ ಹೊಂದಿಸೋ ಕೆಲಸ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್, ಬೇಸಿಗೆಯದು ಏಪ್ರಿಲ್‌ನಿಂದ ಸೆಪ್ಟೆಂಬರ್. ಜಪಾನ್‌ನಲ್ಲಿ ವರ್ಷ ಶುರುವಾಗೋದೇ ಏಪ್ರಿಲ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ ಹೆಚ್ಚಾಗಿ ಫೆಬ್ರವರಿ ಮತ್ತು ಜುಲೈ. ನಾನು ಐದನೇ ಸೆಮ್‌ಗೆ ಜರ್ಮನಿಗೆ ಹೋಗಿ, ಫೆಬ್ರವರಿ ಕೊನೆಯಲ್ಲಿ ಪರೀಕ್ಷೆ ಮುಗಿಸಿ ವಾಪಸ್ ಬರೋ ಹೊತ್ತಿಗೆ ಇಲ್ಲಿ ಆರನೇ ಸೆಮ್ ಶುರುವಾಗಿ ಮೂರು ವಾರ ಆಗಿತ್ತು. ಅಟೆಂಡೆನ್ಸ್ ವಿಷಯ ಮೊದಲೇ ಪತ್ರ ಬರೆದು ಇಟ್ಟಿದ್ದೆ, ಬಚಾವಾದೆ.

ಬಚಾವಾಗದೆ ಇದ್ದದ್ದು ಬೇರೆ ಕಡೆ.

ಹೋಗೋ ಮುಂಚೆ ಒಂದು ಪಟ್ಟಿ ಮಾಡಬೇಕು: ಅಲ್ಲಿ ಓದೋ ಈ ವಿಷಯ ಇಲ್ಲಿನ ಈ ವಿಷಯಕ್ಕೆ ಸಮ, ಇಷ್ಟು ಕ್ರೆಡಿಟ್ ಅಂತ. ಲರ್ನಿಂಗ್ ಅಗ್ರಿಮೆಂಟ್ ಅಂತಾರೆ. ಇದಕ್ಕೆ ಎಚ್‌ಓಡಿ ಸಹಿ ಬೇಕು. ನಾನೂ ಮಾಡಿಸಿದ್ದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ನಾನು ಆರಿಸಿದ್ದ ಕಂಟ್ರೋಲ್ ಸಿಸ್ಟಮ್ಸ್ ಆ ಸಲ ಬರೀ ಜರ್ಮನ್ ಭಾಷೆಯಲ್ಲಿ. ಬೇರೊಂದು ವಿಷಯ ತಗೊಂಡೆ, ಎಚ್‌ಓಡಿಗೆ ವಾಟ್ಸ್ಆ್ಯಪ್ ಮಾಡಿದೆ, ಅವರು ಹೆಬ್ಬೆಟ್ಟು ಎತ್ತಿದ ಗುರುತು ಕಳಿಸಿದರು, ನಾನು ನೆಮ್ಮದಿಯಾಗಿ ಮಲಗಿದೆ. ವಾಪಸ್ ಬಂದರೆ ಎಚ್‌ಓಡಿ ಬದಲಾಗಿದ್ದರು. ಹೊಸಬರು ಕಾಗದ ಕೇಳಿದರು. ಹೆಬ್ಬೆಟ್ಟು ಕಾಗದ ಆಗಲಿಲ್ಲ. ಆ ಪೇಪರ್‌ನ ನಾನು ಜೂನಿಯರ್‌ಗಳ ಜೊತೆ ಕೂತು ಬರೆದೆ.

ಅದಕ್ಕೇ ಹೇಳೋದು. ನಾಲ್ಕು ವಿಷಯ ಬೇಕಿದ್ದರೆ ಏಳಕ್ಕೆ ಒಪ್ಪಿಗೆ ತಗೊಳ್ಳಿ. ಪ್ರತಿಯೊಂದರ ಸಿಲಬಸ್ ಪ್ರಿಂಟ್ ಜೊತೆಗಿರಲಿ, ಯಾವ ಭಾಷೆಯಲ್ಲಿ ಪಾಠ, ಯಾವ ಸೆಮಿಸ್ಟರ್‌ನಲ್ಲಿ ಪಾಠ ಅಂತ ನೋಡಿಕೊಳ್ಳಿ. ಅಲ್ಲಿ ಬದಲಾಯಿಸಿದರೆ ಇಮೇಲ್‌ನಲ್ಲೇ ಕೇಳಿ, ಪರೀಕ್ಷಾ ವಿಭಾಗಕ್ಕೂ ಕಾಪಿ ಹಾಕಿ. ಕ್ರೆಡಿಟ್ ಲೆಕ್ಕವೂ ಬೇರೆ. ಯುರೋಪಿನಲ್ಲಿ ಇಸಿಟಿಎಸ್ (ಅಲ್ಲಿನ ಕ್ರೆಡಿಟ್ ಪದ್ಧತಿ) ಪ್ರಕಾರ ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದಕ್ಕೆ 25ರಿಂದ 30 ಗಂಟೆ ಓದು. ನಮ್ಮಲ್ಲಿ ಸುಮಾರು 20 ಇರುತ್ತದೆ. ಎಷ್ಟಕ್ಕೆ ಎಷ್ಟು ಅನ್ನೋದನ್ನು ಕಾಲೇಜು ಬರೆದು ಕೊಡಲಿ. ಗ್ರೇಡ್ ಬಗ್ಗೆಯೂ ಅಷ್ಟೇ: ಜರ್ಮನಿಯಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲು, 4.0ಕ್ಕೆ ಪಾಸು, 5.0 ಫೇಲು. ನಮ್ಮ ಆಫೀಸಿನವರು 1.3 ನೋಡಿ "ಅಯ್ಯೋ ಪಾಪ" ಅಂದಿದ್ದರು.

ಮುಂದಿನದು ನಮ್ಮ ಕಡೆಯವರಿಗೇ ಅಂತ ಇರೋ ತೊಂದರೆ: ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ "ಕಾವ್ಯ ಎಸ್." ಅಂತಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಎಸ್ ಬಿಡಿಸಿ "ಕಾವ್ಯ ಶ್ರೀನಿವಾಸ" ಆಗಿರುತ್ತದೆ. ಅರ್ಜಿ, ಬ್ಯಾಂಕು, ವಿಮೆ, ಟಿಕೆಟ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಬರೆಯಿರಿ, ಇಬ್ಬರೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಒಂದು ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಇಲ್ಲದವರು ಇವತ್ತೇ ಅರ್ಜಿ ಹಾಕಿ. ಲಾಲ್‌ಬಾಗ್ ರಸ್ತೆ ಮತ್ತು ಮಾರತ್ತಹಳ್ಳಿಯಲ್ಲಿ ಸೇವಾ ಕೇಂದ್ರಗಳಿವೆ. ಪೊಲೀಸ್ ವೆರಿಫಿಕೇಷನ್‌ಗೆ ಬಂದಾಗ ಪಿಜಿ ವಿಳಾಸದಲ್ಲಿ ನೀವಿಲ್ಲದೆ ಹೋದರೆ ಅದೇ ಒಂದು ಕಥೆ ಆಗುತ್ತದೆ.

ದುಡ್ಡಿನ ಮಾತು ಮನೆಯಲ್ಲಿ ಬೇಗ ಎತ್ತಿ. ಟ್ಯೂಷನ್ ಫೀಸ್ ಇಲ್ಲ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ಜರ್ಮನಿಯ ವೀಸಾಗೆ ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟ್ ತೋರಿಸಬೇಕು, 2024ರ ಸೆಪ್ಟೆಂಬರ್‌ನಿಂದ ಅದು ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952. ಯೂರೋಗೆ 100 ರೂಪಾಯಿ ಅಂತ ಹಿಡಿದರೂ ಹತ್ತಿರ ಹತ್ತಿರ ಆರು ಲಕ್ಷ. ಅದು ಯಾರಿಗೋ ಕೊಡೋ ಫೀಸಲ್ಲ, ನಿಮ್ಮದೇ ದುಡ್ಡು, ತಿಂಗಳು ತಿಂಗಳು ನಿಮ್ಮ ಕೈಗೇ ಬರುತ್ತದೆ. ಆದರೆ ಮೊದಲೇ ಒಟ್ಟಿಗೆ ಇಡಬೇಕು, ಅಪ್ಪನ ಎಫ್‌ಡಿ ಯಾವಾಗ ಮುಗಿಯುತ್ತದೆ ಅಂತ ಕೇಳಬೇಕಾಗೋದು ಇಲ್ಲೇ. ಅಲ್ಲಿನ ಸೆಮಿಸ್ಟರ್ ಫೀಸ್ ಅಂತ ಚಿಕ್ಕ ಮೊತ್ತ ಎಕ್ಸ್‌ಚೇಂಜ್‌ನವರೂ ಕಟ್ಟಬೇಕಾಗುತ್ತದೆ, ಬಹಳ ಕಡೆ ಬಸ್ಸು-ಟ್ರೇನ್ ಪಾಸ್ ಅದರಲ್ಲೇ ಬರೋದರಿಂದ ಬೇಜಾರಿಲ್ಲ. ಕಾಲೇಜಿಗೆ ಯುರೋಪಿನ ಎರಾಸ್ಮಸ್ ಪ್ಲಸ್ ಅನ್ನೋ ಎಕ್ಸ್‌ಚೇಂಜ್ ಯೋಜನೆ ಅಡಿ ಒಪ್ಪಂದ ಇದ್ದರೆ ತಿಂಗಳ ಸ್ಟೈಪೆಂಡ್ ಸಿಗಬಹುದು, ತಪ್ಪದೆ ಕೇಳಿ.

ವೀಸಾ ಬಗ್ಗೆ ಜಾಸ್ತಿ ಬರೆಯೋಲ್ಲ, ನಿಯಮ ಬದಲಾಗುತ್ತಿರುತ್ತವೆ, ಆಯಾ ದೇಶದ ಅಧಿಕೃತ ಪುಟವನ್ನೇ ಓದಿ. ಎರಡು ವಿಷಯ ತಲೆಯಲ್ಲಿರಲಿ. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ಟೂರಿಸ್ಟ್ ವೀಸಾದಲ್ಲಿ ಇರಬಹುದಾದದ್ದು 180 ದಿನದಲ್ಲಿ 90 ದಿನ ಮಾತ್ರ. ಸೆಮಿಸ್ಟರ್‌ಗೆ ಅದು ಸಾಲದು, ಆ ದೇಶದ ನ್ಯಾಷನಲ್ ವೀಸಾ ಬೇಕು. ಅಮೆರಿಕಾಗೆ ಎಕ್ಸ್‌ಚೇಂಜ್‌ನವರು ಸಾಮಾನ್ಯವಾಗಿ ಹೋಗೋದು ಜೆ-1 ವೀಸಾದಲ್ಲಿ, ಅದಕ್ಕೆ ಡಿಎಸ್-2019 ಅನ್ನೋ ಕಾಗದ ಬೇಕು. ಡಿಗ್ರಿಗೆ ಹೋದ ಅಣ್ಣ ಅಕ್ಕಂದಿರು ಹೇಳೋ ಎಫ್-1 ವೀಸಾ, ಅದರ ಐ-20 ಕಾಗದದ ಕಥೆ ನಿಮಗೆ ಹೊಂದೋದಿಲ್ಲ.

ಅಡ್ಮಿಷನ್ ಪತ್ರ ಬಂದ ದಿನವೇ ಹಾಸ್ಟೆಲ್ ರೂಮಿಗೆ ಅರ್ಜಿ ಹಾಕಿ. ವೀಸಾ ಬರಲಿ ಅಂತ ಕಾದರೆ ರೂಮು ಸಿಗೋದಿಲ್ಲ. ಭಾಷೆ ಸ್ವಲ್ಪ ಕಲಿತು ಹೋಗಿ: ಜರ್ಮನ್‌ಗೆ ಇಂದಿರಾನಗರದ ಗೋಥೆ ಇನ್‌ಸ್ಟಿಟ್ಯೂಟ್, ಫ್ರೆಂಚ್‌ಗೆ ವಸಂತನಗರದ ಅಲಿಯಾನ್ಸ್ ಇದೆ. ಪಾಠ ಇಂಗ್ಲಿಷ್‌ನಲ್ಲೇ ಇರಬಹುದು, ಬಾಡಿಗೆ ಕರಾರು ಇರೋದಿಲ್ಲ.

ಪ್ಯಾಕಿಂಗ್‌ನಲ್ಲಿ ಅಮ್ಮನ ಜೊತೆ ಜಗಳ ಗ್ಯಾರಂಟಿ. ಚಟ್ನಿಪುಡಿ, ಹುಳಿಪುಡಿ ತಗೊಂಡು ಹೋಗಿ. ಆದರೆ ಹೊರಗಿನಿಂದ ಯುರೋಪಿಯನ್ ಯೂನಿಯನ್ ದೇಶಗಳಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ, ಅಂದರೆ ತುಪ್ಪದ ಡಬ್ಬಿ, ಧಾರವಾಡ ಪೇಡಾ ಇಲ್ಲೇ ಬಿಡಬೇಕು. ಆಸ್ಟ್ರೇಲಿಯಾ ಇನ್ನೂ ಬಿಗಿ, ತಿನ್ನೋ ಪದಾರ್ಥ ಏನಿದ್ದರೂ ಫಾರಂನಲ್ಲಿ ಬರೆದುಬಿಡಿ.

ಅಲ್ಲಿಂದ ಹೊರಡೋ ಮುಂಚೆ ಅಲ್ಲಿನ ಆಫೀಸಿಗೆ ಹೋಗಿ ಟ್ರಾನ್ಸ್‌ಕ್ರಿಪ್ಟ್ ಯಾವಾಗ ಬರುತ್ತದೆ, ಯಾರಿಗೆ ಬರುತ್ತದೆ ಅಂತ ಕೇಳಿ. ಕಾಲೇಜಿನ ಪರೀಕ್ಷಾ ವಿಭಾಗದ ಇಮೇಲ್‌ಗೇ ನೇರವಾಗಿ ಕಳಿಸೋಕೆ ಹೇಳಿ. ಬಂದ ಮೇಲೆ ವಾರಕ್ಕೊಮ್ಮೆ ಆ ಕೌಂಟರ್ ಮುಂದೆ ನಿಂತು, ಸಹಿ ಇರೋ ಪಟ್ಟಿ ಕೈಯಲ್ಲಿ ಹಿಡಿದು, ನಾಲ್ಕೂ ವಿಷಯ ನಿಮ್ಮ ಮಾರ್ಕ್ಸ್ ಕಾರ್ಡಿಗೆ ಏರೋವರೆಗೂ ಬಿಡಬೇಡಿ.