ವಿದೇಶಕ್ಕೆ ಶಿಫ್ಟ್ ಆಗ್ತಿದೀರಾ? ವಾದ್ಯ ತಗೊಂಡು ಹೋಗೋದಾ ಬಿಟ್ಟು ಹೋಗೋದಾ, ಹೀಗೆ ಲೆಕ್ಕ ಹಾಕಿ

ಮನೆ ಖಾಲಿ ಮಾಡೋವಾಗ ಬಟ್ಟೆಬರೆ, ಪುಸ್ತಕ ಎಲ್ಲಾ ಹೆಂಗೋ ಸೂಟ್‌ಕೇಸ್ ಸೇರ್ಕೊಳ್ಳುತ್ತೆ, ಕೊನೆಗೆ ಮೂಲೆಲಿ ವಾದ್ಯದ ಕೇಸ್ ಒಂದೇ ಉಳ್ಕೊಂಡು ನಮ್ಮ ಮುಖ ನೋಡ್ತಾ ಇರುತ್ತೆ. ನಾನು ಎರಡು ಸಲ ದೇಶ ಬದಲಾಯಿಸಿದೀನಿ. ಮೊದಲನೇ ಸಲ ಗಿಟಾರ್ ಹೊತ್ಕೊಂಡು ಹೋಗಿ ಅದರ ಕತ್ತು ಮುರಿಸ್ಕೊಂಡೆ, ಎರಡನೇ ಸಲ ಬಿಟ್ಟು ಹೋಗಿ ಸಂಜೆ ಆದ್ರೆ ಕೈಗೆ ಕೆಲಸ ಇಲ್ಲದೆ ಒದ್ದಾಡಿದೆ. ಎರಡೂ ಕಡೆ ಏಟು ತಿಂದೋನು ಹೇಳ್ತಿದಾನೆ ಅಂದ್ಕೊಂಡು ಓದಿ.

ಮೊದಲು ಪ್ರೀತಿ ಎಷ್ಟಿದೆ ಅಂತ ಕೇಳ್ಕೋಬೇಡಿ, ಅದಕ್ಕೆ ಉತ್ತರ ಯಾವಾಗ್ಲೂ "ಜಾಸ್ತಿ" ಅಂತಾನೇ ಬರುತ್ತೆ. ಕಳೆದ ಮೂರು ತಿಂಗಳಲ್ಲಿ ಕೇಸ್ ಎಷ್ಟು ಸಲ ತೆಗೆದಿದೀರಾ ಅಂತ ಕೇಳ್ಕೊಳ್ಳಿ. ವಾರಕ್ಕೆ ಎರಡು ಮೂರು ಸಲ ಆದ್ರೂ ಕೂತು ನುಡಿಸ್ತಿದ್ರೆ ತಗೊಂಡು ಹೋಗೋ ಬಗ್ಗೆ ಯೋಚಿಸ್ಬಹುದು. "ಅಲ್ಲಿ ಟೈಮ್ ಸಿಗುತ್ತೆ, ಆಗ ಮತ್ತೆ ಶುರು ಮಾಡ್ತೀನಿ" ಅನ್ನೋದಾದ್ರೆ ದಯವಿಟ್ಟು ನಂಬಬೇಡಿ, ಮೊದಲ ಆರು ತಿಂಗಳು ಮನೆ ಹುಡುಕೋದು, ಬ್ಯಾಂಕು, ಕಾಗದಪತ್ರ ಇದರಲ್ಲೇ ಕಳೆದು ಹೋಗುತ್ತೆ.

ಆಮೇಲೆ, ಅದೇ ತರದ್ದು ಅಲ್ಲಿ ಸಿಗುತ್ತಾ ನೋಡಿ. ಫ್ಯಾಕ್ಟರಿಲಿ ಮಾಡಿದ ಗಿಟಾರು, ಕೀಬೋರ್ಡು ಎಲ್ಲಾ ದೇಶದಲ್ಲೂ ಸಿಗುತ್ತೆ, ಸೆಕೆಂಡ್ ಹ್ಯಾಂಡ್ ಬೇರೆ ಧಾರಾಳವಾಗಿ ಸಿಗುತ್ತೆ, ಅದನ್ನ ಹೊತ್ಕೊಂಡು ಹೋಗೋದು ನೀರಿನ ಬಾಟಲಿ ಹಿಡ್ಕೊಂಡು ನದಿಗೆ ಹೋದಂಗೆ. ಪಿಯಾನೋ ಅಂತೂ ಮಾತೇ ಬೇಡ, ಸಾಧಾರಣ ಅಪ್‌ರೈಟ್ ಪಿಯಾನೋನೇ ಇನ್ನೂರು ಕಿಲೋ ಮೇಲೆ ತೂಗುತ್ತೆ, ಸಾಗಿಸಿ ಆದ್ಮೇಲೆ ಮತ್ತೆ ಟ್ಯೂನ್ ಮಾಡಿಸಲೇಬೇಕು, ಮನೆತನದ ವಸ್ತು ಅಲ್ಲದೇ ಹೋದ್ರೆ ಮಾರಿ ಅಲ್ಲಿ ಬಾಡಿಗೆಗೆ ತಗೊಳ್ಳಿ. ಕೈಯಲ್ಲಿ ಮಾಡಿಸಿದ್ದು, ಗುರುಗಳು ಕೊಟ್ಟಿದ್ದು, ಹತ್ತು ವರ್ಷದಿಂದ ನಿಮ್ಮ ಬೆರಳಿಗೆ ಹೊಂದ್ಕೊಂಡಿರೋದು, ಇವೆಲ್ಲ ಬೇರೆ ಲೆಕ್ಕ.

ಇಲ್ಲಿ ಜನ ಮರೆಯೋ ವಿಷಯ ರಿಪೇರಿ. ವೀಣೆನೇ ತಗೊಳ್ಳಿ, ಅದರ 24 ಲೋಹದ ಮೆಟ್ಟಿಲು ಕೂತಿರೋದು ಮೇಣದ ಮೇಲೆ, ಬಿಸಿಲಲ್ಲಿ ನಿಂತ ಗಾಡಿಲಿ ಒಂದು ಮಧ್ಯಾಹ್ನ ಬಿಟ್ರೆ ಸಾಕು ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತೆ, ಸ್ವರಸ್ಥಾನ ಕೆಡುತ್ತೆ. ಮತ್ತೆ ಮೇಳ ಕಟ್ಟೋರು, ಅಂದ್ರೆ ಮೆಟ್ಟಿಲನ್ನ ಮೇಣದಲ್ಲಿ ಸರಿಯಾಗಿ ಕೂರಿಸಿಕೊಡೋರು, ನೀವು ಹೋಗೋ ಊರಲ್ಲಿ ಇದಾರಾ? ಮೃದಂಗ, ತಬಲಾದ ಮುಚ್ಚಿಗೆ (ಬಾರಿಸೋ ಚರ್ಮದ ಹೊದಿಕೆ) ಹೋದ್ರೆ ಹಾಕಿಕೊಡೋರು ಇದಾರಾ? ಇಲ್ಲ ಅಂದ್ರೆ ವಾದ್ಯದ ಜೊತೆ ಒಂದು ಸ್ಪೇರ್ ಮುಚ್ಚಿಗೆ, ಎರಡು ಮೂರು ಸೆಟ್ ತಂತಿ ಕೂಡ ಲಗೇಜಿಗೆ ಸೇರಿಸ್ಕೊಂಡು ತೂಕ ನೋಡಿ.

ಇರೋ ರೂಮ್ ಯಾವ ತರದ್ದು ಅನ್ನೋದೂ ಮುಖ್ಯ. ಪಕ್ಕದ ರೂಮಿನೋರು ಕೆಮ್ಮಿದ್ರೂ ಕೇಳ್ಸೋ ಗೋಡೆ ಇಟ್ಕೊಂಡು ಟ್ರಂಪೆಟ್ ತಗೊಂಡು ಹೋದ್ರೆ ಅದು ಕೇಸಿಂದ ಹೊರಗೇ ಬರಲ್ಲ.

ಈಗ ನಿಜವಾದ ಶತ್ರು ಬಗ್ಗೆ ಹೇಳ್ತೀನಿ, ವಿಮಾನ ಅಲ್ಲ, ಒಣ ಗಾಳಿ. ಮರದ ವಾದ್ಯಕ್ಕೆ ಗಾಳಿಲಿ 40ರಿಂದ 60 ಪರ್ಸೆಂಟ್ ತೇವಾಂಶ ಬೇಕು. ಚಳಿ ದೇಶದಲ್ಲಿ ಹೀಟರ್ ಹಾಕಿದ ಮನೆ ಒಳಗೆ ಅದು ಎಷ್ಟೋ ಸಲ 30ಕ್ಕಿಂತ ಕೆಳಗೆ ಇಳಿಯುತ್ತೆ, ಮರ ಕುಗ್ಗುತ್ತೆ, ಆಮೇಲೆ ಬಿರುಕು. ನನಗೆ ಗೊತ್ತಾಗಿದ್ದು ಹೇಗೆ ಅಂದ್ರೆ ಮೊದಲನೇ ಚಳಿಗಾಲದಲ್ಲಿ ಒಂದಿನ ಗಿಟಾರ್ ಕತ್ತಿನ ಅಂಚಿನ ಮೇಲೆ ಕೈ ಜಾರಿಸಿದಾಗ ಫ್ರೆಟ್, ಅಂದ್ರೆ ಕತ್ತಿನ ಮೇಲಿರೋ ಲೋಹದ ಪಟ್ಟಿಗಳ ತುದಿಗಳು ಗರಗಸದ ಹಲ್ಲಿನ ತರ ಚುಚ್ಚಿದ್ವು. ಲೋಹ ಬೆಳೆದಿರ್ಲಿಲ್ಲ, ಮರ ಒಳಗೆ ಸರಿದಿತ್ತು. ಕೇಸ್ ಒಳಗೆ ಇಡೋ, ತೇವ ಕೊಡೋ ಹ್ಯುಮಿಡಿಫೈಯರ್ ಮತ್ತೆ ತೇವಾಂಶ ಅಳೆಯೋ ಚಿಕ್ಕ ಹೈಗ್ರೋಮೀಟರ್ ತಗೊಂಡ್ರೆ ಇದನ್ನ ತಡೀಬಹುದು, ಆದ್ರೆ ವಾರವಾರ ನೀರು ಹಾಕೋ ತಾಳ್ಮೆ ನಿಮಗಿದೆಯಾ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ನನಗಿರ್ಲಿಲ್ಲ.

ಕಾನೂನಿನ ಕಡೆ ಬಂದ್ರೆ ಹಳೇ ವಾದ್ಯ ಇರೋರು ಹುಷಾರು. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಸೈಟಿಸ್, ಅಂದ್ರೆ ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಲಿದೆ, ಆನೆ ದಂತಕ್ಕೂ ನಿಯಮ ಬಿಗಿ, ಹಳೇ ಪಿಯಾನೋ ಕೀ, ವಯಲಿನ್ ಬಿಲ್ಲಿನ ತುದಿಲಿ ದಂತ ಇರೋದುಂಟು. ಉಳಿದ ಬೀಟೆ (ರೋಸ್‌ವುಡ್) ಜಾತಿ ಮರಗಳನ್ನ 2017ರಲ್ಲಿ ಸೈಟಿಸ್‌ಗೆ ಸೇರಿಸಿದಾಗ ಗಿಟಾರ್ ಪ್ರಪಂಚದಲ್ಲಿ ದೊಡ್ಡ ಗಲಾಟೆ ಆಗಿ, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ರು, ಹಾಗಾಗಿ ಮಾಮೂಲಿ ಗಿಟಾರ್ ಇರೋರು ತಲೆ ಕೆಡಿಸ್ಕೋಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗೋರು ಮಾತ್ರ ಚರ್ಮದ ಮುಚ್ಚಿಗೆ, ಬಿದಿರು, ಮರ ಏನಿದ್ರೂ ಡಿಕ್ಲೇರ್ ಮಾಡಿ, ಅಲ್ಲಿ ಹುಳಹುಪ್ಪಟೆ ವಿಷಯದಲ್ಲಿ ಸಿಕ್ಕಾಪಟ್ಟೆ ಸ್ಟ್ರಿಕ್ಟು.

ಕರೆಂಟ್ ವಾದ್ಯ ಆದ್ರೆ ಅಡಾಪ್ಟರ್ ಹಿಂದೆ ಏನು ಬರೆದಿದೆ ಓದಿ. 100-240 ವೋಲ್ಟ್ ಅಂತ ಇದ್ರೆ ಪ್ಲಗ್ ಬದಲಾಯಿಸಿದ್ರೆ ಸಾಕು. ಆಂಪ್ (ಸದ್ದು ಜೋರು ಮಾಡೋ ಆಂಪ್ಲಿಫೈಯರ್) ಮೇಲೆ ಬರೀ 230 ಅಂತಿದ್ದು ನೀವು ಹೋಗೋ ದೇಶದಲ್ಲಿ 120 ಇದ್ರೆ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಬದಲು ಆಂಪ್ ಮಾರಿಬಿಡಿ.

ತಗೊಂಡೇ ಹೋಗ್ತೀನಿ ಅಂತ ನಿರ್ಧಾರ ಆಯ್ತಾ? ಕೊಳಲು ಕೈಯಲ್ಲಿ ಹೋಗುತ್ತೆ, ವಯಲಿನ್ ಸಾಮಾನ್ಯವಾಗಿ ಕ್ಯಾಬಿನ್ನಲ್ಲಿ ಬಿಡ್ತಾರೆ ಆದ್ರೂ ಏರ್‌ಲೈನ್ ಹತ್ರ ಮೊದಲೇ ಕೇಳಿ ಉತ್ತರವನ್ನ ಬರಹದಲ್ಲಿ ತಗೊಳ್ಳಿ, ವಯಲಿನ್‌ಗಿಂತ ತುಂಬಾ ದೊಡ್ಡದಾದ ಚೆಲ್ಲೋಗೆ ಎಷ್ಟೋ ಜನ ಇನ್ನೊಂದು ಸೀಟೇ ಬುಕ್ ಮಾಡ್ತಾರೆ. ಗಿಟಾರ್ ಲಗೇಜಿಗೆ ಹಾಕಲೇಬೇಕಾದ್ರೆ ನನ್ನ ತಪ್ಪು ಮಾಡ್ಬೇಡಿ. ನಾನು ಗಟ್ಟಿ ಕೇಸ್ ಇದೆಯಲ್ಲ ಅಂತ ಸುಮ್ನಿದ್ದೆ, ಆದ್ರೆ ಕೇಸ್ ಒಳಗೆ ತಲೆಭಾಗದ ಕೆಳಗೆ ಖಾಲಿ ಜಾಗ ಇರುತ್ತೆ, ಕೇಸ್ ಬೆನ್ನಡಿ ಆಗಿ ಬಿದ್ರೆ ಮೈ ನಿಲ್ಲುತ್ತೆ, ತಲೆ ಮಾತ್ರ ಜೋಲಿ ಹೊಡೆದು ಕತ್ತಲ್ಲಿ ಸೀಳುತ್ತೆ. ಕೇಸ್ ಮೇಲೆ ಒಂದು ಗೀರು ಕೂಡ ಇರ್ಲಿಲ್ಲ ಕಣ್ರೀ. ಅಲ್ಲಿಗೆ ಎರಡು ಟೀ ಶರ್ಟ್ ಸುತ್ತಿ ತುರುಕಿ, ಮೇಲೂ ಕೆಳಗೂ, ಅಲ್ಲಾಡಿಸಿದ್ರೆ ಏನೂ ಸದ್ದು ಬರಬಾರ್ದು. ಗಿಟಾರ್ ತಂತಿನ ಒಂದೆರಡು ಸ್ವರ ಇಳಿಸಿ, ವಯಲಿನ್ನಲ್ಲಿ ಪೂರ್ತಿ ಸಡಿಲ ಮಾಡ್ಬೇಡಿ, ಒಳಗೆ ನಿಂತಿರೋ ಚಿಕ್ಕ ಮರದ ಕಡ್ಡಿ, ಸೌಂಡ್‌ಪೋಸ್ಟ್, ಬಿದ್ದುಬಿಡುತ್ತೆ. ತಲುಪಿದ ತಕ್ಷಣ ಆಸೆಗೆ ಕೇಸ್ ತೆಗೀಬೇಡಿ, ಕೆಲವು ಗಂಟೆ ರೂಮಿನ ಬಿಸಿಗೆ ಹೊಂದ್ಕೊಳ್ಳಲಿ.

ಎಲ್ಲಾ ಕಡೆಯಿಂದ ಫೋಟೋ, ಸೀರಿಯಲ್ ನಂಬರ್, ಖರೀದಿ ಬಿಲ್ ಫೋನಲ್ಲಿ ಇಟ್ಕೊಳ್ಳಿ, ವಾಪಸ್ ಬರೋವಾಗ ಕಸ್ಟಮ್ಸ್‌ನೋರಿಗೆ ಇದು ನಂದೇ ಹಳೇದು ಅಂತ ತೋರ್ಸೋಕೂ ಬೇಕಾಗುತ್ತೆ. 1999ರಲ್ಲಿ ಹೆಸರಾಂತ ಚೆಲ್ಲೋ ವಾದಕ ಯೋ-ಯೋ ಮಾ 1733ರ ಚೆಲ್ಲೋನ ನ್ಯೂಯಾರ್ಕ್ ಟ್ಯಾಕ್ಸಿ ಡಿಕ್ಕಿಲಿ ಮರೆತು ಇಳಿದುಬಿಟ್ಟಿದ್ರು, ಟ್ಯಾಕ್ಸಿ ರಸೀದಿ ಇಟ್ಕೊಂಡಿದ್ರಿಂದ ಅದೇ ದಿನ ವಾಪಸ್ ಸಿಕ್ತು.

ಬಿಟ್ಟು ಹೋಗೋದಾದ್ರೆ ಅಟ್ಟದ ಮೇಲೆ ಮಾತ್ರ ಇಡಬೇಡಿ. ನುಡಿಸೋರ ಕೈಗೆ ಕೊಡಿ, ವಾಪಸ್ ಬಂದಾಗ ಕೇಳ್ತೀನಿ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಕತ್ತಿಗೆ ಅಂಟು ಹಾಕಿಸಿದ ನನ್ನ ಅದೇ ಗಿಟಾರ್ ಈಗ ಗೆಳೆಯನ ಮಗಳ ಹತ್ರ ಇದೆ. ಹೋದ ತಿಂಗಳು ವಿಡಿಯೋ ಕಾಲಲ್ಲಿ ನೋಡಿದೆ, ನನ್ನ ಕೇಳದೆ ತಂತಿ ಎಲ್ಲಾ ಬದಲಾಯಿಸಿದಾಳೆ, ಯಾಕೆ ಅಂದ್ರೆ "ತುಕ್ಕು ಹಿಡಿದಿತ್ತು ಅಂಕಲ್, ನೀವು ಹೆಂಗೆ ನುಡಿಸ್ತಿದ್ರಿ ಇದನ್ನ" ಅಂದ್ಳು.