ಕತ್ತಿಯ ಮೇಲಿನ ಕೆಂಪು

ಸಿದ್ದಾಪುರದ ಹತ್ತಿರ ನಮ್ಮ ತೋಟ. ಮಳೆ ಹಿಡಿಯುವ ಮುಂಚೆ ಮೆಣಸಿನ ಬಳ್ಳಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತೇವೆ: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಅಪ್ಪ ಉಜ್ಜಿ ತೊಳೆದ ಕತ್ತಿಯನ್ನು ಡ್ರಮ್ಮಿಗೆ ಅದ್ದುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತರೆ, "ಸುಣ್ಣ ಸಾಲದು, ಇನ್ನಷ್ಟು ಹಾಕು" ಅನ್ನುತ್ತಿದ್ದರು. ಕಬ್ಬಿಣ ಕೊಟ್ಟ ಎಲೆಕ್ಟ್ರಾನ್ ಪಡೆದು ತಾಮ್ರದ ಅಯಾನು ಲೋಹವಾಗಿ ಅಂಟುತ್ತದೆ ಅನ್ನುವುದು ನನಗೆ ತಿಳಿದಿದ್ದು ಎಂ.ಎಸ್‌ಸಿ.ಗೆ ಸೇರಿದ ಮೇಲೆ.

ಪ್ರಾಜೆಕ್ಟಿಗೆ ನಾನು ತಾಮ್ರದ ಎರಡು ಕಾಂಪ್ಲೆಕ್ಸ್ ಮಾಡಿದೆ, ಅಂದರೆ ತಾಮ್ರದ ಅಯಾನನ್ನು ಬೇರೆ ಅಣುಗಳು ಸುತ್ತ ಹಿಡಿದುಕೊಂಡ ಸಂಯುಕ್ತ. ಇಂಥವು ಡಿಎನ್ಎ ಎಳೆಯನ್ನು ಎಷ್ಟು ಕತ್ತರಿಸುತ್ತವೆ ಅಂತ ನೋಡಬೇಕಿತ್ತು. ಒಂದು ಫಿನಾಂತ್ರೊಲೀನ್‌ನದು, ತನ್ನ ಎರಡು ಸಾರಜನಕಗಳಿಂದ ತಾಮ್ರವನ್ನು ಹಿಡಿಯುವ ಅಣು. ಇನ್ನೊಂದು ನಿಯೋಕ್ಯುಪ್ರೊಯಿನ್‌ನದು, ಅಣು ಅದೇ, ಸಾರಜನಕಗಳ ಪಕ್ಕದಲ್ಲಿ ಎರಡು ಮೀಥೈಲ್ ಗುಂಪು ಹೆಚ್ಚು. ವೋಲ್ಟೇಜನ್ನು ಏರಿಸಿ ಇಳಿಸಿ, ಹರಿಯುವ ವಿದ್ಯುತ್ತನ್ನು ಗೆರೆಯಾಗಿ ಬರೆದು, ಎಲೆಕ್ಟ್ರಾನ್ ಎಲ್ಲಿ ದಾಟುತ್ತದೆ ಅಂತ ನೋಡುವ ಸೈಕ್ಲಿಕ್ ವೋಲ್ಟಾಮೆಟ್ರಿಯಲ್ಲಿ ಮೊದಲ ವಾರ ಪೂರ್ತಿ ಹಾಳಾಯಿತು. ನೈಟ್ರೋಜನ್ ಹಾಯಿಸಿದ್ದು ಸಾಲದೆ, ಕರಗಿದ್ದ ಆಮ್ಲಜನಕದ ಉಬ್ಬೇ ಗೆರೆಯಲ್ಲಿ ಎದ್ದು ಕಾಣುತ್ತಿತ್ತು. ಹದಿನೈದು ನಿಮಿಷ ಬಿಟ್ಟ ಮೇಲೆ ಗೆರೆ ತಿಳಿಯಾಯಿತು. ಮೀಥೈಲ್ ಇರುವುದು ಎಲೆಕ್ಟ್ರಾನನ್ನು ಬಹಳ ಸಲೀಸಾಗಿ ತೆಗೆದುಕೊಳ್ಳುತ್ತಿತ್ತು. ವಿಭವ ಹೆಚ್ಚಿದ್ದಷ್ಟೂ ಎಲೆಕ್ಟ್ರಾನ್ ಪಡೆಯುವುದು ಸಲೀಸು; ನೀರಿನಲ್ಲಿ ಅದರ ವಿಭವ ಸುಮಾರು 0.59 ವೋಲ್ಟ್, ಫಿನಾಂತ್ರೊಲೀನ್‌ನದು 0.17.

ಹಾಗಾದರೆ ಡಿಎನ್ಎ ಕತ್ತರಿಸುವುದರಲ್ಲೂ ಮೀಥೈಲ್‌ನದೇ ಮೇಲುಗೈ ಅಂದುಕೊಂಡೆ. ಪ್ಲಾಸ್ಮಿಡ್ ಅನ್ನುವ ಉಂಗುರದಂಥ ಡಿಎನ್ಎಗೆ ಎರಡನ್ನೂ ಬೇರೆ ಬೇರೆ ಸೇರಿಸಿ, ಎಲೆಕ್ಟ್ರಾನ್ ಕೊಡಲು ಆಸ್ಕಾರ್ಬಿಕ್ ಆಮ್ಲ ಹಾಕಿ, ಡಿಎನ್ಎಯನ್ನು ಆಕಾರದ ಪ್ರಕಾರ ಬೇರೆ ಬೇರೆ ಪಟ್ಟಿಯಾಗಿ ವಿಂಗಡಿಸುವ ಜೆಲ್ ಓಡಿಸಿದೆ. ಯುವಿ ಬೆಳಕಿನಲ್ಲಿ ನೋಡಿದರೆ ಪೂರಾ ಉಲ್ಟಾ. ಫಿನಾಂತ್ರೊಲೀನ್ ಸಾಲಿನಲ್ಲಿ ಸುರುಳಿ ಡಿಎನ್ಎಯ ಕೆಳಗಿನ ಪಟ್ಟಿ ಮಸುಕಾಗಿ, ತುಂಡಾದದ್ದರ ಪಟ್ಟಿ ಮೇಲೆ ಹೊಳೆಯುತ್ತಿತ್ತು. ಪಕ್ಕದ ಮೀಥೈಲ್ ಸಾಲು ಇದ್ದ ಹಾಗೇ ಇತ್ತು.

ಆ ಜೆಲ್ ಮುಂದೆ ತುಂಬಾ ಹೊತ್ತು ಕೂತಿದ್ದೆ. ತಾಮ್ರ ಎಲೆಕ್ಟ್ರಾನ್ ಪಡೆದು, ಅದನ್ನು ಆಮ್ಲಜನಕಕ್ಕೆ ದಾಟಿಸಿದರೆ ತಾನೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುವುದು, ಅದರಿಂದ ಡಿಎನ್ಎಗೆ ಪೆಟ್ಟು ಬೀಳುವುದು? ಮೀಥೈಲ್ ಗುಂಪುಗಳು ತಾಮ್ರದ ಸುತ್ತ ಒತ್ತಿಕೊಂಡು, ಒಂದು ಧನ ಆವೇಶದ ತಾಮ್ರಕ್ಕೆ ಒಗ್ಗುವ ಚತುರ್ಮುಖಿ ಆಕಾರದಲ್ಲೇ ಅದನ್ನು ಕೂರಿಸುತ್ತವೆ. ಪಡೆದ ಎಲೆಕ್ಟ್ರಾನನ್ನು ಅದು ಬಿಡುವುದೇ ಇಲ್ಲ. ವೋಲ್ಟಾಮೆಟ್ರಿಯಲ್ಲಿ ಓಡಿಸಲು ಒದ್ದಾಡಿದ ಆಮ್ಲಜನಕ ಇಲ್ಲಿ ಬೇಕೇ ಬೇಕು; ಅದನ್ನು ತೆಗೆದು ಮಾಡಿದ ಪ್ರಯೋಗದಲ್ಲಿ ಫಿನಾಂತ್ರೊಲೀನ್ ಕೂಡ ಹೆಚ್ಚು ಕತ್ತರಿಸಲಿಲ್ಲ.

ಬೋರ್ಡೋದಿಂದ ನಿಧಾನಕ್ಕೆ ಬಿಟ್ಟುಕೊಳ್ಳುವ ತಾಮ್ರವೂ ರೋಗಾಣುವಿನೊಳಗೆ ಹೀಗೇ ಎಲೆಕ್ಟ್ರಾನ್ ಪಡೆದು, ಕೊಟ್ಟು, ಮತ್ತೆ ಪಡೆದು ಹಾನಿ ಮಾಡುತ್ತದೆ. ಸುಣ್ಣ ಕಡಿಮೆಯಾಗಿ ತಾಮ್ರ ಬಿಡಿಯಾಗಿ ಉಳಿದರೆ ನಮ್ಮ ಬಳ್ಳಿಯ ಎಲೆಯೇ ಸುಡುತ್ತದೆ.

ಈ ಸಲ ಕತ್ತಿ ಅದ್ದಿದಾಗ ತುದಿಯಲ್ಲಿ ಬೆರಳಗಲ ಕೆಂಪು ಕಂಡಿತು. ಸುಣ್ಣದ ನೀರು ಸುರಿದು, ಕೋಲಿನಲ್ಲಿ ತಿರುವಿ, ಮತ್ತೆ ಅದ್ದಿದೆ. ಅಲಗು ಬೆಳ್ಳಗೇ ಇತ್ತು.