ಹರ್ಲಿಂಗ್, ಗಾಲ್ಫ್, ಸಾಕರ್: ಮೂರು ಗುಂಪಿನ ಗೊಣಗಾಟ ಒಂದೇ ಹಾಲ್‌ನಲ್ಲಿ – ನನ್ನ ಅನುಭವ

ಹರ್ಲಿಂಗ್ (ಕೋಲು ಹಿಡಿದು ಆಡುವ ಐರಿಶ್ ಚೆಂಡಾಟ), ಗಾಲ್ಫ್, ಸಾಕರ್ ಅಭಿಮಾನಿಗಳನ್ನು ಒಂದೇ ಹಾಲ್‌ನಲ್ಲಿ ಕೂರಿಸಿ ಚರ್ಚೆ ಸಂಜೆ ನಡೆಸೋದು ಆಗದ ಕೆಲಸ ಅಂತ ನಮ್ಮ ಕ್ಲಬ್ಬಿನ ಖಜಾಂಚಿ ಸಭೆಯಲ್ಲೇ ಹೇಳಿದ್ದರು. ಹರ್ಲಿಂಗ್‌ನವರು, ಗಾಲ್ಫ್‌ನವರು, ಸಾಕರ್‌ನವರು ಒಟ್ಟಿಗೆ ಕೂತರೆ ಜಗಳ ಗ್ಯಾರಂಟಿ, ಹಾಲ್ ಬಾಡಿಗೆ ದಂಡ ಅನ್ನೋದು ಅವರ ಲೆಕ್ಕ. ಮೊದಲ ವರ್ಷ ಅವರ ಲೆಕ್ಕವೇ ಗೆದ್ದಿತು. ಈಗ ಅವರೇ ಹದಿನೈದು ನಿಮಿಷ ಮುಂಚೆ ಬಂದು ಕುರ್ಚಿ ಹಿಡಿಯುತ್ತಾರೆ. ಹಾಗಾಗಿ ಬರೆಯೋಣ ಅನ್ನಿಸಿತು.

ನಾನಿರೋದು ಐರ್ಲೆಂಡಿನ ಕಾರ್ಕ್ ನಗರದ ಅಂಚಿನಲ್ಲಿ. ಮಕ್ಕಳಿಬ್ಬರೂ ಹರ್ಲಿಂಗ್ ಆಡುತ್ತಾರೆ. ಮಕ್ಕಳನ್ನು ಬಿಡೋಕೆ ಹೋದವನನ್ನು ಮೊದಲು ಕೋನ್ ಇಡೋಕೆ ಕರೆದರು, ಆಮೇಲೆ ಕಮಿಟಿಗೆ ಎಳೆದರು. ಹೊರದೇಶದಲ್ಲಿ ಕ್ಲಬ್ಬು, ಬಳಗ ನಡೆಸುವವರಿಗೆ ಹಾಲ್ ಬುಕ್ ಮಾಡೋದು, ಪ್ರೊಜೆಕ್ಟರ್, ಟೀ ಕೆಟಲ್ ಇದೆಲ್ಲ ನಾನು ಹೇಳಿಕೊಡಬೇಕಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಜಗಳದ ಮೂಲ ಜುಲೈ ತಿಂಗಳು. ಮುಂಚೆ ಆಲ್-ಐರ್ಲೆಂಡ್ ಫೈನಲ್‌ಗಳು, ಅಂದರೆ ಕೌಂಟಿ (ಜಿಲ್ಲೆ) ತಂಡಗಳ ದೊಡ್ಡ ಕಪ್ಪಿನ ಕೊನೆಯ ಆಟಗಳು, ಸೆಪ್ಟೆಂಬರ್‌ನಲ್ಲಿ ಇರುತ್ತಿದ್ದವು. ಕೌಂಟಿ ತಂಡದ ಆಟ ಮುಗಿಸಿ ಕ್ಲಬ್ ಆಟಕ್ಕೆ ಜಾಗ ಬಿಡಬೇಕು ಅಂತ 2022ರಿಂದ ವರ್ಷವನ್ನು ಎರಡು ಭಾಗ ಮಾಡಿದರು. ಫೈನಲ್ ಜುಲೈಗೆ ಬಂತು. ಜುಲೈ ಅಂದರೆ ಗಾಲ್ಫ್‌ನವರಿಗೆ ಓಪನ್, ಅವರ ನಾಲ್ಕು ದೊಡ್ಡ ಟೂರ್ನಿಗಳಲ್ಲಿ (ಮೇಜರ್) ಒಂದು. 2024ರ ಜುಲೈ 21ರಂದು ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಓಪನ್‌ನ ಕೊನೆಯ ದಿನ, ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಹರ್ಲಿಂಗ್ ಫೈನಲ್. 2025ರ ಜುಲೈ 20ರಂದು ಮತ್ತೆ ಅದೇ ಕಥೆ. ಆ ಸಲ ಓಪನ್ ಪೋರ್ಟ್‌ರಶ್‌ನಲ್ಲಿ, ಅಂದರೆ ಇದೇ ದ್ವೀಪದಲ್ಲಿ. ಹಾಲ್‌ನಲ್ಲಿರೋದು ಒಂದೇ ಪರದೆ. ಇನ್ನು ಹೇಳೋದೇನಿದೆ?

ಮೊದಲು ಮಾಡಿದ್ದು ದೊಡ್ಡ ಪರದೆ ಸಂಜೆ. ತಲೆಗೆ 5 ಯೂರೋ, ಸ್ಯಾಂಡ್‌ವಿಚ್ ಜೊತೆ. ಮ್ಯಾಚ್ ನೋಡಿದರು, ಮುಗಿದ ತಕ್ಷಣ ಎದ್ದು ಪಬ್ಬಿಗೆ ಹೋದರು. ಚರ್ಚೆಗೆ ಉಳಿದವರು ನಾನು, ಖಜಾಂಚಿ ಮತ್ತು ಮೊಟ್ಟೆ ಸ್ಯಾಂಡ್‌ವಿಚ್. ಆಮೇಲೆ ವಿಷಯ ಕೊಟ್ಟು ಪರ-ವಿರೋಧ ಚರ್ಚೆ ಇಟ್ಟೆ. ನಮ್ಮ ಸ್ಟೇಡಿಯಂ ಪಾರ್ಕ್ ಈ ಕೀವ್‌ಗೆ 2024ರಲ್ಲಿ ಒಂದು ಸೂಪರ್‌ಮಾರ್ಕೆಟ್ ಹೆಸರು ಅಂಟಿಸಿದ್ದು ಸರಿಯಾ ತಪ್ಪಾ ಅಂತ. ಪರವಾಗಿ ಮಾತಾಡೋಕೆ ಒಬ್ಬರೂ ಸಿಗಲಿಲ್ಲ. ಎರಡೂ ಕಡೆಯವರು ವಿರೋಧವೇ. ಅದು ಚರ್ಚೆ ಅಲ್ಲ, ಭಜನೆ.

ಮೂರನೆಯದು ಕ್ವಿಜ್. ಅದರಲ್ಲಿ ವಯಸ್ಸಾದವರೇ ಗೆಲ್ಲುತ್ತಿದ್ದರು, ಹುಡುಗರು ಬರೋದು ಬಿಟ್ಟರು. ಒಮ್ಮೆ ಹಳೆಯ ಆಟಗಾರರೊಬ್ಬರನ್ನು ಕರೆಸಿದೆವು. ಪೆಟ್ರೋಲ್, ಊಟ, ಮೇಲೊಂದು ಕವರ್ ಅಂತ ಇನ್ನೂರರ ಹತ್ತಿರ ಹೋಯ್ತು. ಅವರು ನಲವತ್ತು ನಿಮಿಷ ತಮ್ಮ ಮಂಡಿ ಆಪರೇಷನ್ ಕಥೆ ಹೇಳಿದರು. ವರ್ಷದ ಕೊನೆಗೆ ನಾನೂರು ಯೂರೋ ಆಸುಪಾಸು ನಷ್ಟ. ಹಾಲ್ ಬಾಡಿಗೆಯೇ ಸಂಜೆಗೆ ಅರವತ್ತು. ಎರಡು ಸಲ ನನ್ನ ಜೇಬಿನಿಂದ ಕೊಟ್ಟೆ. ಮನೆಯಲ್ಲಿ ಹೆಂಡತಿ, "ಇವರ ಜಗಳ ಕೇಳೋಕೆ ನಾವು ದುಡ್ಡು ಕೊಡಬೇಕಾ?" ಅಂದಳು. ನ್ಯಾಯವಾದ ಪ್ರಶ್ನೆ.

ಅತಿ ಕೆಟ್ಟ ಸಂಜೆ 2024ರ ಹರ್ಲಿಂಗ್ ಫೈನಲ್ ಆದ ವಾರದ್ದು. ಕ್ಲೇರ್ 3-29, ಕಾರ್ಕ್ 1-34. ಮೊದಲ ಅಂಕೆ ಗೋಲು, ಎರಡನೆಯದು ಪಾಯಿಂಟ್; ಗೋಲಿಗೆ 3 ಪಾಯಿಂಟ್ ಹಿಡಿದು ಕೂಡಿದರೆ 38ಕ್ಕೆ 37. ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಕಾರ್ಕ್ ಆಟಗಾರನ ಜರ್ಸಿಯನ್ನು ಹಿಂದಿನಿಂದ ಎಳೆದದ್ದು ಟಿವಿಯಲ್ಲಿ ಎಲ್ಲರಿಗೂ ಕಂಡಿತು, ಫ್ರೀ (ಫೌಲ್ ಆದಾಗ ಸಿಗುವ ಹೊಡೆತ) ಸಿಗಲಿಲ್ಲ. ಕಾರ್ಕ್ ಕೊನೆಯ ಸಲ ಹರ್ಲಿಂಗ್ ಕಪ್ ಎತ್ತಿದ್ದು 2005ರಲ್ಲಿ. ಅಷ್ಟು ವರ್ಷದ ಹಸಿವಿನ ಮೇಲೆ ಒಂದು ಪಾಯಿಂಟ್ ಸೋಲು. ಆ ಸಂಜೆ ಎರಡು ಗಂಟೆ ಹೊತ್ತು ಅದೇ ಜರ್ಸಿ. ಗಾಲ್ಫ್‌ನವರಲ್ಲಿ ಹಿರಿಯರೊಬ್ಬರು ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬ ಅಡ್ಡ ಬಂದು ಜರ್ಸಿ ಎಳೆದು ತೋರಿಸುತ್ತಿದ್ದ. ಅವರು ಟೋಪಿ ಹಾಕಿಕೊಂಡು ಹೊರಟೇಹೋದರು. ಆಮೇಲೆ ಅವರ ಜೊತೆ ಬರುತ್ತಿದ್ದ ನಾಲ್ಕೈದು ಜನವೂ ಬರಲಿಲ್ಲ.

ಅವರನ್ನು ಸಮಾಧಾನ ಮಾಡೋಕೆ ಅಂತ ಗಾಲ್ಫ್ ಮೈದಾನಕ್ಕೆ ಹೋದೆ. ಅಲ್ಲಿ ಸಿಕ್ಕಿತು ನೋಡಿ ಉಪಾಯ. ಗಾಲ್ಫ್‌ನಲ್ಲಿ ಸ್ಪರ್ಧೆ ಅಂದರೆ ನಿಮ್ಮ ಕಾರ್ಡಿನಲ್ಲಿ ಅಂಕ ಬರೆಯೋದು ನೀವಲ್ಲ, ಜೊತೆಗೆ ಆಡುವವನು. ಕೊನೆಗೆ ಇಬ್ಬರೂ ಸಹಿ ಹಾಕಬೇಕು. ನಿಮ್ಮ ಲೆಕ್ಕ ಇನ್ನೊಬ್ಬನ ಕೈಯಲ್ಲಿ. ಇದನ್ನೇ ನಮ್ಮ ಹಾಲ್‌ಗೆ ತಂದರೆ ಹೇಗೆ ಅಂತ ಮನೆಗೆ ಬರೋ ದಾರಿಯಲ್ಲೇ ಲೆಕ್ಕ ಹಾಕಿದೆ.

ಈಗ ನಡೆಯೋದು ಹೀಗೆ. ದೊಡ್ಡ ಮ್ಯಾಚಿಗೆ ಮುಂಚೆ, ಗುರುವಾರದೊಳಗೆ, ಪ್ರತಿಯೊಬ್ಬರೂ ಅಂಗೈಯಗಲದ ಚೀಟಿಯಲ್ಲಿ ಎರಡು ಸಾಲು ಬರೆದು ಡಬ್ಬಿಗೆ ಹಾಕಬೇಕು. ಏನಾಗುತ್ತೆ, ಯಾಕಾಗುತ್ತೆ. ಅಷ್ಟೇ. ಮ್ಯಾಚ್ ಆದ ಮೇಲೆ ಸೋಮವಾರ ಸಂಜೆ ಚೀಟಿ ತೆಗೆಯೋದು. ಆದರೆ ನಿಮ್ಮ ಚೀಟಿ ನೀವು ಓದುವಂತಿಲ್ಲ. ಬೇರೆ ಆಟದವನ ಕೈಗೆ ಹೋಗುತ್ತೆ. ಅವನು ಅದನ್ನು ಓದಿ, ಒಂದು ನಿಮಿಷ ಅದರ ಪರವಾಗಿಯೇ ವಾದ ಮಾಡಬೇಕು. ಹರ್ಲಿಂಗ್‌ನವನ ಚೀಟಿಗೆ ಗಾಲ್ಫ್‌ನವನು ವಕೀಲ, ಗಾಲ್ಫ್‌ನವನಿಗೆ ಸಾಕರ್‌ನವನು. ನಿಮಿಷ ಮುಗಿದರೆ ಹೂಟರ್. ಆಮೇಲೆ ಬರೆದವನು ಎದ್ದು ಬೈಬಹುದು.

ಇದರಿಂದ ಎರಡು ಲಾಭ. "ನಾನು ಮೊದಲೇ ಹೇಳಿದ್ದೆ" ಅನ್ನೋ ಮಾತು ಸತ್ತಿತು. ಬರೆದದ್ದು ಅಲ್ಲೇ ಇದೆಯಲ್ಲ. ಇನ್ನೊಂದು, ವಾದ ಮಾಡಬೇಕು ಅಂದರೆ ಆ ಆಟ ಸ್ವಲ್ಪವಾದರೂ ನೋಡಿರಬೇಕು. ಟೋಪಿ ಹಾಕಿಕೊಂಡು ಹೋದವರು ಈಗ ಹರ್ಲಿಂಗ್‌ನಲ್ಲಿ ಪಕ್ ಔಟ್ (ಗೋಲ್‌ಕೀಪರ್ ಆಟ ಮತ್ತೆ ಶುರು ಮಾಡುವ ಹೊಡೆತ) ಎಲ್ಲಿ ಬೀಳಬೇಕು ಅಂತ ಪಾಠ ಮಾಡುತ್ತಾರೆ. ಅವರನ್ನು ವಾಪಸ್ ಕರೆತರಲು ನಾನು ಹೇಳಿದ್ದು ಒಂದೇ ಮಾತು. ನಿಮ್ಮ ಗಾಲ್ಫ್‌ನ ಪಾಡ್ರಿಗ್ ಹ್ಯಾರಿಂಗ್ಟನ್ ತಂದೆ ಕಾರ್ಕ್ ಪರ ಗೇಲಿಕ್ ಫುಟ್‌ಬಾಲ್ (ಕೈಯನ್ನೂ ಬಳಸುವ ಐರಿಶ್ ಚೆಂಡಾಟ) ಆಡಿದವರು. ಇನ್ನೊಬ್ಬ ಗಾಲ್ಫರ್ ಶೇನ್ ಲೌರಿ ತಂದೆ 1982ರಲ್ಲಿ ಆಫಲಿ ಕೌಂಟಿಯ ಗೇಲಿಕ್ ಫುಟ್‌ಬಾಲ್ ತಂಡದಲ್ಲಿದ್ದವರು, ಕೆರಿ ಕೌಂಟಿಯ ಐದನೇ ಸತತ ಕಪ್ ತಪ್ಪಿಸಿದ ತಂಡ ಅದು. ಆ ಎರಡೂ ಮನೆಗಳಲ್ಲಿ ಗಾಲ್ಫ್‌ನವರು, ಗೇಲಿಕ್‌ನವರು ಒಂದೇ ಮೇಜಿನಲ್ಲಿ ಊಟ ಮಾಡಿದ್ದಾರೆ, ನಿಮಗೇನು ಕಷ್ಟ ಅಂದೆ.

ಸಾಮಾನಿನ ವಿಷಯಕ್ಕೆ ಬಂದರೆ, ಪೆನ್ಸಿಲ್ ಮುಖ್ಯ. ಗಾಲ್ಫ್ ಕ್ಲಬ್‌ಗಳಲ್ಲಿ ಸಿಗುವ ಬೆರಳುದ್ದದ ಪೆನ್ಸಿಲ್, ಹಿಂದೆ ರಬ್ಬರ್ ಇರಲ್ಲ. ಬರೆದದ್ದು ಅಳಿಸೋಕಾಗಲ್ಲ. ಅವರೇ ಒಂದು ಡಬ್ಬಿ ಸುಮ್ನೆ ಕೊಟ್ಟರು. ಚೀಟಿ ಎತ್ತೋಕೆ ಹರ್ಲಿಂಗ್ ಹೆಲ್ಮೆಟ್ ಮಗುಚಿ ಇಟ್ಟೆ, ನೋಡೋಕೆ ಚೆಂದ. ಮುಂದಿನ ಕಂಬಿಯ ಸಂದಿಯಿಂದ ಚೀಟಿಗಳು ಜಾರಿ ಮೇಜಿನ ಕೆಳಗೆ ಹೋದವು. ಒಳಗೆ ಟೀ ಟವಲ್ ಹಾಸಿದ ಮೇಲೆ ಸರಿಯಾಯ್ತು. ಹೆಲ್ಮೆಟ್ ಸ್ವಲ್ಪ ಬೆವರು ವಾಸನೆ ಬರುತ್ತೆ, ಅಡ್ಜಸ್ಟ್ ಮಾಡಿಕೊಳ್ಳಿ.

ದುಡ್ಡು ಬಂದದ್ದು ಮಾತ್ರ ಹುಂಡಿಯಿಂದ. ರೆಫರಿಯನ್ನು ದೂರಿದರೆ 1 ಯೂರೋ. ದಂಡ ಹಾಕಿದ್ದಕ್ಕೆ ವಾದಿಸಿದರೆ ಇನ್ನೊಂದು. ಇದು ನನ್ನ ಸ್ವಂತ ಬುದ್ಧಿಯಲ್ಲ. 2025ರಲ್ಲಿ ಗೇಲಿಕ್ ಫುಟ್‌ಬಾಲ್‌ಗೆ ಜಿಮ್ ಗ್ಯಾವಿನ್ ಸಮಿತಿ ಹೊಸ ನಿಯಮ ತಂದಿತಲ್ಲ, ರೆಫರಿ ಜೊತೆ ವಾದಿಸಿದರೆ ಫ್ರೀ 50 ಮೀಟರ್ ಮುಂದಕ್ಕೆ ಹೋಗುತ್ತೆ ಅಂತ, ಅದನ್ನೇ ನಾಣ್ಯಕ್ಕೆ ಇಳಿಸಿದೆ. "ಸೈಪಾನ್" ಅನ್ನೋ ಶಬ್ದಕ್ಕೆ ನೇರವಾಗಿ 2 ಯೂರೋ. ಅದು 2002ರ ವಿಶ್ವಕಪ್‌ಗೆ ಮುಂಚೆ ಐರ್ಲೆಂಡ್ ಸಾಕರ್ ತಂಡ ತಂಗಿದ್ದ ದ್ವೀಪ. ನಾಯಕ ರಾಯ್ ಕೀನ್ ಜಗಳವಾಡಿ ಅಲ್ಲಿಂದ ವಾಪಸ್ ಬಂದದ್ದು ಸರಿಯೋ ತಪ್ಪೋ ಅಂತ ಅವರ ಸ್ವಂತ ಊರು ಕಾರ್ಕ್‌ನಲ್ಲಿ ಶುರುವಾದರೆ ಆ ರಾತ್ರಿ ಬೇರೆ ಮಾತೇ ಇಲ್ಲ. 2009ರಲ್ಲಿ ಫ್ರಾನ್ಸಿನ ತಿಯೆರಿ ಆನ್ರಿ ಚೆಂಡಿಗೆ ಕೈ ತಾಗಿಸಿ ಐರ್ಲೆಂಡಿಗೆ ವಿಶ್ವಕಪ್ ತಪ್ಪಿಸಿದ್ದಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದೇನೆ, ಅದು ಎಲ್ಲರ ದುಃಖ.

ಒಬ್ಬರು ಬರುವಾಗಲೇ 20ರ ನೋಟು ಹುಂಡಿಗೆ ಹಾಕಿ, "ಇವತ್ತು ನನ್ನನ್ನು ತಡೀಬೇಡ, ಅಡ್ವಾನ್ಸ್ ಕೊಟ್ಟಿದ್ದೀನಿ" ಅಂದರು. ಪೂರ್ತಿ ಖರ್ಚು ಮಾಡಿಯೇ ಹೋದರು.

ಸಂಜೆಗೆ ನೂರರಿಂದ ನೂರೈವತ್ತು ಉಳಿಯುತ್ತೆ. ವರ್ಷಕ್ಕೆ ಎರಡು ಸಾವಿರದ ಹತ್ತಿರ ಬಂದಿರಬಹುದು, ಪಕ್ಕಾ ಲೆಕ್ಕ ಖಜಾಂಚಿ ಹತ್ತಿರ ಇದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಹರ್ಲಿ (ಆಡುವ ಕೋಲು), ಸ್ಲಿಟರ್ (ಚೆಂಡು), ಕೆಲವು ಹೆಲ್ಮೆಟ್ ತಂದೆವು. ಹೆಲ್ಮೆಟ್ ಒಂದಕ್ಕೇ ಎಪ್ಪತ್ತು ಎಂಬತ್ತು ಆಗುತ್ತೆ ಅಂತ ಮಕ್ಕಳನ್ನು ಆಡಿಸುವವರಿಗೆ ಗೊತ್ತೇ ಇದೆ.

ಚೀಟಿಯ ತಾಕತ್ತು ಗೊತ್ತಾಗಿದ್ದು 2025ರ ಏಪ್ರಿಲ್‌ನಲ್ಲಿ, ಗಾಲ್ಫ್‌ನ ಮಾಸ್ಟರ್ಸ್ ಟೂರ್ನಿ ವೇಳೆಗೆ. ಉತ್ತರ ಐರ್ಲೆಂಡಿನ ರೋರಿ ಮ್ಯಾಕಿಲ್ರಾಯ್ 2014ರ ನಂತರ ಒಂದೂ ಮೇಜರ್ ಗೆದ್ದಿರಲಿಲ್ಲ. ಹಿಂದಿನ ವರ್ಷ ಯುಎಸ್ ಓಪನ್‌ನಲ್ಲಿ ಕಾಲಡಿ ಇದ್ದ ಪಟ್‌ಗಳನ್ನು (ಕುಳಿಗೆ ಉರುಳಿಸುವ ಹೊಡೆತ) ತಪ್ಪಿಸಿಕೊಂಡವನು. ಬಹುಪಾಲು ಚೀಟಿಗಳಲ್ಲಿ ಒಂದೇ ಮಾತು, ಕೊನೆಗೆ ಕೈ ನಡುಗುತ್ತೆ ಅಂತ. ಒಬ್ಬ ಅಜ್ಜಿ ಮಾತ್ರ, "ಗೆಲ್ಲುತ್ತಾನೆ, ಆದರೆ ನಮ್ಮ ಜೀವ ತೆಗೆದೇ" ಅಂತ ಬರೆದಿದ್ದರು. ಹಾಗೇ ಆಯ್ತು. 13ನೇ ಹೋಲ್‌ನಲ್ಲಿ ಚೆಂಡು ನೀರಿಗೆ, 18ರಲ್ಲಿ ಸಣ್ಣ ಪಟ್ ತಪ್ಪು, ಆಮೇಲೆ ಜಸ್ಟಿನ್ ರೋಸ್ ಜೊತೆ ಪ್ಲೇ ಆಫ್, ಮೊದಲ ಹೋಲ್‌ನಲ್ಲೇ ಗೆಲುವು. ನಾಲ್ಕೂ ಮೇಜರ್ ಗೆದ್ದ ಆರನೆಯವನು. ಅಜ್ಜಿಯ ಚೀಟಿ ಓದುವ ಪಾಳಿ ಸಾಕರ್ ಹುಡುಗನದು. ಅವನು ಗಾಲ್ಫ್ ಅಂದರೆ ನಡಿಗೆ ಅಂತ ಗೇಲಿ ಮಾಡುತ್ತಿದ್ದವನು. ಅವತ್ತು ರಾತ್ರಿ ಹನ್ನೆರಡು ದಾಟುವ ತನಕ ನೋಡಿದ್ದನಂತೆ. ನಿಮಿಷ ಮುಗಿದು ಹೂಟರ್ ಆದರೂ ನಿಲ್ಲಿಸಲಿಲ್ಲ.

ಹಾಗಂತ ಪ್ರತಿ ಸಲ ಕೆಲಸ ಮಾಡಲ್ಲ. ಅದೇ ವರ್ಷ ಜುಲೈನ ಹರ್ಲಿಂಗ್ ಫೈನಲ್‌ಗೆ ಕಾರ್ಕ್ ಲೀಗ್ ಗೆದ್ದು, ಲಿಮರಿಕ್ ವಿರುದ್ಧ ಪೆನಾಲ್ಟಿಯಲ್ಲಿ ಮನ್‌ಸ್ಟರ್ ಪ್ರಾಂತ್ಯದ ಕಪ್ ಗೆದ್ದು ಹೋಗಿತ್ತು. ಡಬ್ಬಿ ತುಂಬ ಕಾರ್ಕ್, ಕಾರ್ಕ್, ಕಾರ್ಕ್. ಅರ್ಧ ಆಟಕ್ಕೆ ಆರು ಪಾಯಿಂಟ್ ಮುಂದೆ. ದ್ವಿತೀಯಾರ್ಧದಲ್ಲಿ ಸಿಕ್ಕಿದ್ದು ಎರಡೇ ಪಾಯಿಂಟ್. ಟಿಪ್ಪರರಿ 3-27, ಕಾರ್ಕ್ 1-18. ಸೋಮವಾರ ಹತ್ತು ಹನ್ನೆರಡು ಜನ ಬಂದರು ಅಷ್ಟೇ. ರೆಫರಿಯನ್ನು ಬೈಯೋಣ ಅಂದರೆ 15 ಪಾಯಿಂಟ್ ಅಂತರ ಬಿಡುತ್ತಾ? ಹುಂಡಿ ಖಾಲಿ. ಬಾಡಿಗೆ ನಷ್ಟ. ಅಂಥ ವಾರ ಸಂಜೆಯನ್ನು ಹದಿನೈದು ದಿನ ಮುಂದಕ್ಕೆ ಹಾಕಿ, ಇದು ನನ್ನ ಸಲಹೆ.

ನಡುವೆ ಬೇರೆ ಬೇರೆ ಪ್ರಯೋಗ ಮಾಡಿದೆ. ಮಾತುಗಳನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಯಂತ್ರದ ಕೈಲಿ ಬರೆಸೋಣ ಅಂದರೆ, ಕಾರ್ಕ್ ಉಚ್ಚಾರಣೆಗೆ ಅದು ಕೈಮುಗಿಯಿತು. ಸ್ಯಾಂಡ್‌ವಿಚ್ ಬದಲು ಮೆಣಸಿನಕಾಯಿ ಬಜ್ಜಿ ಇಟ್ಟೆ. ಖರ್ಚು ಅರ್ಧ, ಜೊತೆಗೆ ಬಜ್ಜಿ ಬಾಯಲ್ಲಿದ್ದಷ್ಟು ಹೊತ್ತು ಯಾರೂ ಅಡ್ಡ ಮಾತಾಡಲ್ಲ. ಕನ್ನಡದವರ ಗುಂಪಿನಲ್ಲೂ ಇದೇ ಚೀಟಿ ಆಟ ಐಪಿಎಲ್‌ಗೆ ಇಟ್ಟೆ, ಹದಿನೆಂಟನೇ ಸೀಸನ್‌ಗೆ. ಎಲ್ಲ ಚೀಟಿಯಲ್ಲೂ "ಈ ಸಲ ಕಪ್ ನಮ್ದೇ". ವಾದ ಎಲ್ಲಿಂದ ಬರಬೇಕು? ಆ ಸಲ ಕಪ್ ಬಂದೂ ಬಿಟ್ಟಿತು. ಇಲ್ಲಿನ ಮೇಯೋ ಕೌಂಟಿಯವರೊಬ್ಬರಿಗೆ ಇದನ್ನು ಹೇಳಿದೆ. ಅವರ ಗೇಲಿಕ್ ಫುಟ್‌ಬಾಲ್ ತಂಡ ಕೊನೆಯ ಸಲ ಆಲ್-ಐರ್ಲೆಂಡ್ ಗೆದ್ದಿದ್ದು 1951ರಲ್ಲಿ. "ಹದಿನೆಂಟೇ ವರ್ಷವಾ?" ಅಂತ ನಕ್ಕರು.

"ನಿನಗೆ ನಮ್ಮ ಆಟದ ಬಗ್ಗೆ ಏನು ಗೊತ್ತು" ಅಂತ ಶುರುವಿನಲ್ಲಿ ಕೇಳುತ್ತಿದ್ದವರಿಗೆ ನಾನು 2011ರ ಮಾರ್ಚ್ 2ರ ಕಥೆ ಹೇಳುತ್ತಿದ್ದೆ. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಕೆವಿನ್ ಓಬ್ರಯನ್ 50 ಚೆಂಡಿಗೆ ಶತಕ ಹೊಡೆದು, ಐರ್ಲೆಂಡ್ 327 ಬೆನ್ನಟ್ಟಿ ಇಂಗ್ಲೆಂಡನ್ನು ಸೋಲಿಸಿದ ದಿನ. ಅವರಲ್ಲಿ ಅರ್ಧ ಜನಕ್ಕೆ ಕ್ರಿಕೆಟ್ ಗೊತ್ತಿಲ್ಲ, ಆದರೆ ಇಂಗ್ಲೆಂಡ್ ಸೋತದ್ದು ಅರ್ಥವಾಗುತ್ತಿತ್ತು. ಕುರ್ಚಿ ಸಿಗುತ್ತಿತ್ತು.

ಎರಡು ವಿಷಯ ಇಲ್ಲಿ ಹೇಳಲ್ಲ. ಮೊದಲ ಚೀಟಿ ಯಾರದ್ದು ಬರಬೇಕು ಅನ್ನೋದು ಲಾಟರಿ ಥರ ಕಾಣುತ್ತೆ, ಆದರೆ ಅಲ್ಲ. ಯಾರ ಪಕ್ಕ ಯಾರು ಕೂರಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ಪಕ್ಕದ ಊರಿನ ಕ್ಲಬ್‌ನವರು ಬಂದು ನೋಡಿಕೊಂಡು ಹೋಗಿ ಅವರಲ್ಲೂ ಶುರು ಮಾಡಿದರು, ಎರಡೇ ಸಂಜೆಗೆ ನಿಂತಿತು. ಅದಕ್ಕೆ ಕಾರಣ ಈ ಎರಡೇ ಅಂತ ನನ್ನ ಅನುಮಾನ.

ಈಗ ತಲೆನೋವು ಸಾಕರ್‌ನವರದು. ನಮ್ಮೂರ ಸಾಕರ್ ತಂಡ ಕಾರ್ಕ್ ಸಿಟಿ 2025ರಲ್ಲಿ ಕೆಳಗಿನ ಡಿವಿಷನ್‌ಗೆ ಇಳಿಯಿತು, ಕಪ್ ಫೈನಲ್‌ನಲ್ಲೂ ಶ್ಯಾಮ್‌ರಾಕ್ ರೋವರ್ಸ್‌ಗೆ ಸೋತಿತು. ಆ ನವೆಂಬರ್‌ನಲ್ಲಿ ಐರ್ಲೆಂಡ್ ತಂಡದ ಟ್ರಾಯ್ ಪ್ಯಾರಟ್ ಪೋರ್ಚುಗಲ್ ಮೇಲೆ ಎರಡು, ಬುಡಾಪೆಸ್ಟ್‌ನಲ್ಲಿ ಹಂಗೇರಿ ಮೇಲೆ ಮೂರು ಗೋಲು ಹೊಡೆದ ಮೇಲೆ ಒಂದಷ್ಟು ಜನ ವಾಪಸ್ ಬಂದರು. ಆದರೆ ಲೀಗ್ ಆಟ ಶುಕ್ರವಾರ ರಾತ್ರಿ, ನಮ್ಮ ಸಂಜೆ ಸೋಮವಾರ. ಅಷ್ಟರಲ್ಲಿ ಅವರ ಕೋಪ ಆರಿರುತ್ತೆ. ಅವರಿಗೊಂದು ಶನಿವಾರ ಬೆಳಗ್ಗೆ ಕೊಟ್ಟು ನೋಡೋಣ ಅಂತಿದ್ದೇನೆ. ಆ ಹೊತ್ತಿಗೆ ಹಾಲ್ ಬಾಡಿಗೆ ನಲವತ್ತೇ. ಖಜಾಂಚಿ ಇದೂ ಆಗಲ್ಲ ಅಂತ ಹೇಳಿದ್ದಾರೆ.